ಹೂಂ ದೊರೆಯ ಆಟ

ಗೋಡೆಗೆ ಮುಖ ಹಾಕ್ಕೊಂಡು ಮಲಗಬೇಡ ಯತಿ, ಈ ಕಡೆ ತಿರುಗು. ಮುದ್ದೆ ಅರ್ಧಕ್ಕೇ ಬಿಟ್ಟು ಎದ್ದಿದ್ದು ನೋಡಿದೀನಿ, ಕಾಲು ತೊಳೆಯುವಾಗ ನೀನು ಹೇಳಿದ್ದೂ ಕೇಳಿಸ್ಕೊಂಡಿದೀನಿ. ಹೊಸದಾಗಿ ಸೇರಿರೋ ಹುಡುಗನ ಬುತ್ತಿ ಡಬ್ಬಿ ಸ್ಕೂಲಿನ ಹೆಂಚಿನ ಮೇಲಕ್ಕೆ ಎಸೆದ್ರು, ಎಲ್ಲರೂ ನಕ್ಕರು, ನಾನೂ ನಕ್ಕೆ ಅಂದೆ. ಮೇಷ್ಟ್ರು ಬಂದು ಕೇಳಿದ್ರೆ ತನ್ನ ಡಬ್ಬಿ ಅವನೇ ಎಸೆದ ಸಾರ್ ಅಂತ ಎಲ್ಲರೂ ಅಂದ್ರು, ನಾನೂ ಹೂಂ ಅಂದೆ ಅಂದೆ. ಎಸೆದೋನು ನಾನಲ್ಲ ಅಂತ ಮೂರು ಸಲ ಹೇಳಿದೆ. ನಾನೇನೂ ಬೈಯಲ್ಲ. ಬೈಯೋಕೆ ನನಗೆ ಬಾಯಿಲ್ಲ, ಯಾಕೆ ಅಂತ ಕಡೇಲಿ ಗೊತ್ತಾಗುತ್ತೆ. ಒಂದು ಕತೆ ಹೇಳ್ತೀನಿ, ಹೊದಿಕೆ ಎಳ್ಕೊ.

ಕತೆಗೆ ಹೂಂ ಅಂತಿರಬೇಕು, ಗೊತ್ತಲ್ಲ. ಹೂಂ ಅನ್ನೋರಿಲ್ಲದಿದ್ರೆ ಕತೆ ದಾರೀಲೇ ಕೂತ್ಬಿಡುತ್ತೆ. ಆದ್ರೆ ಇವತ್ತು ನಿದ್ದೆಗಣ್ಣಲ್ಲಿ ಎಲ್ಲದಕ್ಕೂ ಹೂಂ ಅನ್ನಬೇಡ. ಕೇಳಿಸ್ಕೊಂಡು ಅನ್ನು.

ಒಂದಾನೊಂದು ಕಾಲದಲ್ಲಿ, ಅಂದ್ರೆ ನಿಮ್ಮಪ್ಪ ಇನ್ನೂ ಹುಟ್ಟಿರಲಿಲ್ಲ, ಈ ಕಡೆಗೆ ಬಸ್ಸು ಬಂದಿರಲಿಲ್ಲ, ಸ್ಟೀಲು ಪಾತ್ರೆ ಯಾರೂ ಕಂಡಿರಲಿಲ್ಲ, ಅಂಥ ಕಾಲದಲ್ಲಿ ಒಂದು ಕೆರೆ ಇತ್ತಂತೆ, ಕೆರೆ ಹಿಂದುಗಡೆ ಒಂದು ಕುಂಬಾರಗೇರಿ ಇತ್ತಂತೆ. ಗೇರಿ ಅಂದ್ರೆ ಹದಿನೈದು ಮನೆ. ಮನೆಮನೆಗೂ ಒಂದು ತಿಗುರಿ, ಮಡಕೆ ಮಾಡೋ ಚಕ್ರ. ಮನೆ ಹಿಂದೆ ಒಂದು ಆವಿಗೆ. ಆವಿಗೆ ಅಂದ್ರೆ ಮಡಕೆ ಸುಡೋ ಜಾಗ ಕಣೋ. ಹಸೀ ಮಡಕೆ ಒಂದರ ಮೇಲೊಂದು ಪೇರಿಸಿ, ಸಂದುಗೊಂದಿಗೆಲ್ಲ ಬೆರಣಿ ಸೌದೆ ತುಂಬಿ, ಮೇಲೆ ಹುಲ್ಲು ಹೊದಿಸಿ, ಹುಲ್ಲಿನ ಮೇಲೆ ಕೆಸರು ಮೆತ್ತಿ, ಆಮೇಲೆ ಬೆಂಕಿ ಇಡೋದು. ಬೆಂಕಿ ಆರಿದ ಮೇಲೂ ಮೂರು ಬೆಳಗು ಕಾಯಬೇಕು. ಮೂರನೇ ಬೆಳಗಿಗೆ ಮನೆ ಯಜಮಾನಿ ಸ್ನಾನ ಮಾಡಿ, ಕುಂಕುಮ ಇಟ್ಟು, ತಾನೇ ಬಿಚ್ಚಬೇಕು. ಅದಕ್ಕೂ ಮುಂಚೆ ಒಂದು ಬೆರಳಗಲ ಬಿಚ್ಚಿದ್ರೂ ತಣ್ಣನೆ ಗಾಳಿ ನುಗ್ಗಿ ಒಳಗಿರೋ ಮಡಕೆಗಳೆಲ್ಲ ಸೀಳಿಬಿಡ್ತವೆ. ಇದು ಆ ಗೇರೀಲಿ ಅಂಬೆಗಾಲಿಡೋ ಕೂಸಿಗೂ ಗೊತ್ತಿತ್ತಂತೆ. ಇದನ್ನ ನೆನಪಿಟ್ಕೊ. ಗೊತ್ತಿಲ್ಲದೆ ಮಾಡಿದ್ದಲ್ಲ ಅವರು.

ಆವಿಗೆ ಬಿಚ್ಚಿದ ಮೇಲೆ ಒಂದೊಂದೇ ಮಡಕೆ ಕೈಗೆ ತಗೊಂಡು ಬೆರಳ ಗೆಣ್ಣಲ್ಲಿ ಕುಟ್ಟಿ ನೋಡ್ತಿದ್ರಂತೆ. ಕಣ್ ಅಂತ ಸದ್ದು ಬಂದ್ರೆ ಗಟ್ಟಿ. ಬದ್ ಅಂದ್ರೆ ಒಡಕು. ಕಣ್ಣಿಗೆ ಕಾಣದ ಕೂದಲೆಳೆ ಬಿರುಕೂ ಕಿವಿಗೆ ಸಿಕ್ಕಿಬೀಳ್ತಿತ್ತು.

ಆ ಗೇರೀಲಿ ಕುಳ್ಳಿ ಅಂತ ಒಬ್ಬಳು ಹುಡುಗಿ ಇದ್ದಳಂತೆ. ಹೆಸರು ಬೇರೆ ಏನೋ ಇತ್ತು, ಗಿಡ್ಡ ಇದ್ದಳು ಅಂತ ಎಲ್ಲರೂ ಕುಳ್ಳಿ ಅಂತಲೇ ಕರೀತಿದ್ರು. ಅವಳಿಗೆ ಒಬ್ಬಳು ಜೊತೆಗಾತಿ, ಹೆಸರು ದ್ಯಾವಿ. ದ್ಯಾವಿಗೆ ಅಪ್ಪ ಇರಲಿಲ್ಲ. ಅವ್ವ ಸಣ್ಣತಿಮ್ಮವ್ವ ಒಬ್ಬಳೇ ಕೆರೆಯಿಂದ ಮಣ್ಣು ಹೊತ್ತು, ತುಳಿದು, ಮಡಕೆ ಮಾಡಿ ಸಂಸಾರ ಸಾಗಿಸ್ತಿದ್ದಳು. ಕುಳ್ಳಿ ಮತ್ತೆ ದ್ಯಾವಿ ಎಷ್ಟು ಅಂಟಿಕೊಂಡಿದ್ರು ಅಂದ್ರೆ ಒಬ್ಬಳಿಗೆ ಹಸಿವಾದ್ರೆ ಇನ್ನೊಬ್ಬಳು ಉಣ್ತಿದ್ದಳಂತೆ. ನಗು, ನಗು, ಅಲ್ಲಿಗೆ ನಗಬಹುದು.

ಆಮೇಲೆ ಗೇರಿ ಯಜಮಾನನ ಮಗ ಚೆಲುವ ಅಂತ ಒಬ್ಬ. ಅವನು ಒಂದು ಆಟ ಕಟ್ಟಿದನಂತೆ, ಹೂಂ ದೊರೆಯ ಆಟ. ಒಂದು ದೊಡ್ಡ ಮಣ್ಣಿನ ಬಾನಿ ಬೋರಲು ಹಾಕಿ ಅದರ ಮೇಲೆ ದೊರೆ ಕೂರೋದು, ಮಿಕ್ಕೋರು ಸಾಲಾಗಿ ನಿಲ್ಲೋದು. ದೊರೆ ಏನು ಹೇಳಿದ್ರೂ ಹೂಂ ಅನ್ನಬೇಕು, ಅಂದು ಮಾಡಬೇಕು. ಯಾರಾದ್ರೂ ಊಹೂಂ ಅಂದ್ರೋ, ಎಲ್ಲರೂ ಸುತ್ತ ನಿಂತು ಅವರ ತಲೆ ಮೇಲೆ ಬೆರಳ ಗೆಣ್ಣಲ್ಲಿ ಕುಟ್ಟಿ, ಬದ್ ಬದ್ ಒಡಕು ಮಡಕೆ, ತಿಪ್ಪೆಗೆ ನಡಿ ಅನ್ನೋದು. ಅವತ್ತೆಲ್ಲ ಅವರ ಜೊತೆ ಯಾರೂ ಮಾತಾಡೋ ಹಾಗಿಲ್ಲ. ಮೊದಮೊದಲು ಚೆನ್ನಾಗೇ ಇತ್ತಂತೆ. ಕೋಳಿ ಥರ ಕೂಗ್ರೋ, ಹೂಂ. ಕುಂಟ್ಕೊಂಡು ಕೆರೆ ಏರಿಗೆ ಹೋಗಿ ಬನ್ರೋ, ಹೂಂ. ಆದ್ರೆ ದೊರೆ ಅಂದ ಮೇಲೆ ನಿನ್ನೆಗಿಂತ ಇವತ್ತು ದೊಡ್ಡದು ಹೇಳಬೇಕಲ್ಲ. ಇಲ್ಲದಿದ್ರೆ ದೊರೆತನ ಎಲ್ಲಿ ಉಳಿಯುತ್ತೆ. ಪಾಪ, ಬಾನಿ ಮೇಲೆ ಕೂತೋನಿಗೂ ಒಳಗೊಳಗೇ ಹೆದರಿಕೆ ಇತ್ತು ಅಂತ ಕಾಣುತ್ತೆ.

ಹಿಂಗೇ ಒಂದು ದಿನ ದನ ಕಾಯೋ ನಂಜಯ್ಯ ಆ ದಾರೀಲಿ ಬಂದನಂತೆ. ಅವನಿಗೆ ಮಾತು ತೊದಲು. ಎಲ್ಲರೂ ಅವನ ಥರಾನೇ ತೊದಲ್ಕೊಂಡು ಮಾತಾಡ್ಸಿ ಅಂದನಂತೆ ದೊರೆ. ಹೂಂ ಅಂದ್ರು, ಕುಳ್ಳೀನೂ ಅಂದಳು. ನಂಜಯ್ಯ ಯಾವಾಗಲೂ ಅವಳಿಗೆ ಕಾರೆ ಹಣ್ಣು ತಂದುಕೊಡ್ತಿದ್ದ. ಅವತ್ತೂ ಮಡಿಲಲ್ಲಿ ಹಣ್ಣಿತ್ತು. ಅವನು ಇವಳನ್ನ ಒಂದು ಸಲ ನೋಡಿ, ಹಣ್ಣು ಹಾಗೇ ಮಡಿಲಲ್ಲಿಟ್ಕೊಂಡು ಹೊರಟುಹೋದನಂತೆ. ಕುಳ್ಳಿಗೆ ಹೊಟ್ಟೇಲಿ ಏನೋ ಕಲ್ಲು ಕೂತ ಹಾಗಾಯ್ತು. ಆದ್ರೆ ಎಲ್ಲರೂ ನಗ್ತಿದ್ರಲ್ಲ, ಇವಳೂ ನಕ್ಕಳಂತೆ.

ಆಮೇಲೆ ಇನ್ನೊಂದು ದಿನ, ಕುಳ್ಳಿ ಮನೆ ಕರು ಬಿಚ್ಚಿಬಿಡಿ ಅಂದನಂತೆ. ಕರು ಬಿಚ್ಚಿದ್ರೆ ಹಸುವಿನ ಹಾಲೆಲ್ಲ ಕುಡಿದುಬಿಡುತ್ತೆ, ಮನೇಲಿ ತಮ್ಮ ತೊಟ್ಟಿಲ ಕೂಸು, ಇವಳಿಗೆ ಗೊತ್ತಿಲ್ವಾ. ಗೊತ್ತು. ಆದ್ರೂ ಹೂಂ ಅಂದಳು, ತಾನೇ ಹೋಗಿ ಹಗ್ಗ ಬಿಚ್ಚಿದಳು. ಅವತ್ತು ಸಂಜೆ ತಮ್ಮ ಅತ್ತು ಅತ್ತು ಗಂಟಲು ಕಟ್ಟಿಸ್ಕೊಂಡನಂತೆ. ಅವ್ವ ಕರು ಬಿಚ್ಚಿದ್ದು ಯಾರೇ ಅಂದ್ರೆ, ತಾನಾಗಿ ಬಿಚ್ಕೊಂಡಿದೆ ಅಂದಳಂತೆ. ನೋಡು, ಒಂದು ಹೂಂ ಹಿಂದೆ ಒಂದು ಸುಳ್ಳು ಬಂತು. ಕುರಿ ಹಿಂದೆ ಮರಿ ಬಂದ ಹಾಗೆ.

ಆಮೇಲೆ ಮೂರನೇದು. ಇದನ್ನ ಹೇಳೋಕೆ ನನಗೆ ಇವತ್ತಿಗೂ ಬಾಯಿ ಒಣಗುತ್ತೆ, ಆ ನೀರಿನ ಚೊಂಬು ಕೊಡು ಇಲ್ಲಿ.

ಮಳೆ ಹಿಡಿಯೋ ಮುಂಚೆ ಸಣ್ಣತಿಮ್ಮವ್ವ ಕೊನೇ ಆವಿಗೆ ಹಾಕಿದ್ದಳಂತೆ. ಮಳೆ ಬಂದ್ರೆ ಹಸೀ ಮಡಕೆ ಒಣಗಲ್ಲ, ಮತ್ತೆ ಆವಿಗೆ ಹಾಕೋ ಹಾಗಿಲ್ಲ. ಆ ಆವಿಗೇಲಿದ್ದ ಮಡಕೆ ಸುತ್ತಲ ಹಳ್ಳಿಗೆ ಹೊತ್ತುಕೊಂಡು ಹೋಗಿ, ಮನೆಮನೆಗೆ ಕೊಟ್ಟು, ಬದಲಿಗೆ ರಾಗಿ ತರಬೇಕು. ಅದೇ ಅವ್ವ ಮಗಳಿಗೆ ವರ್ಷದ ಊಟ. ಬೆಂಕಿ ಆರಿ ಒಂದೇ ಬೆಳಗಾಗಿತ್ತು. ಅವತ್ತು ಮಟಮಟ ಮಧ್ಯಾಹ್ನ, ದೊಡ್ಡೋರೆಲ್ಲ ಕೆರೇಲಿ ಮಣ್ಣು ತೆಗೀತಿದ್ದಾಗ, ಚೆಲುವ ಬಾನಿ ಮೇಲೆ ಕೂತು, ದ್ಯಾವಿ ಮನೆ ಆವಿಗೇಲಿ ಮಡಕೆ ಕೆಂಡದ ಥರ ಕೆಂಪಗಿರ್ತವಂತೆ, ಒಂದು ಕಿಂಡಿ ತೆಗೆದು ನೋಡೋಣ ನಡೀರಿ ಅಂದನಂತೆ.

ಎಲ್ಲರ ಮುಖಾನೂ ಒಂದು ಗಳಿಗೆ ಬಿಳುಚ್ಕೊಂಡಿತಂತೆ. ಎಲ್ಲರೂ ಕುಂಬಾರರ ಮಕ್ಕಳೇ ತಾನೆ. ಆದ್ರೆ ಒಬ್ಬ ಹೂಂ ಅಂದ, ಪಕ್ಕದೋನು ಹೂಂ ಅಂದ, ಹಂಗೇ ಹೂಂ ಹೂಂ ಅಂತ ಸಾಲು ಹಿಡ್ಕೊಂಡು ಬಂತು. ದ್ಯಾವಿ ಹತ್ತಿರ ಬಂದಾಗ ಅವಳು ಊಹೂಂ ಅಂದಳಂತೆ. ಜೋರಾಗಿ ಅಲ್ಲ, ಮೆಲ್ಲಗೆ. ಅಂದು ಪಕ್ಕದಲ್ಲಿದ್ದ ಕುಳ್ಳಿ ಮುಖ ನೋಡಿದಳು. ಬೇರೆ ಯಾರನ್ನೂ ನೋಡಲಿಲ್ಲ. ನೀನೂ ಒಂದು ಮಾತು ಅನ್ನೇ ಅನ್ನೋ ಹಾಗೆ.

ಅವತ್ತು ಕುಳ್ಳಿ ಬಾಯಿಗೆ ಊಹೂಂ ಅನ್ನೋದು ಬಂದಿತ್ತಂತೆ ಕಣೋ, ನಾಲಗೆ ತುದೀಗೆ ಬಂದಿತ್ತು. ಅಷ್ಟರಲ್ಲಿ ಎಲ್ಲರೂ ದ್ಯಾವಿ ಸುತ್ತ ನಿಂತು ತಲೆ ಕುಟ್ಟೋಕೆ ಶುರು ಮಾಡಿದ್ರು, ಬದ್ ಬದ್ ಒಡಕು ಮಡಕೆ ಅಂತ. ಕುಳ್ಳಿ ಸರದಿ ಬಂತು. ಅವಳೂ ಹೂಂ ಅಂದು, ಕೈ ಎತ್ತಿ ಕುಟ್ಟಿದಳು. ಮೆತ್ತಗೆ ಕುಟ್ಟಿದೆ, ನೋವಾಗೋ ಹಾಗೆ ಕುಟ್ಟಿಲ್ಲ ಅಂತ ತನಗೆ ತಾನೇ ಸಮಾಧಾನ ಹೇಳ್ಕೊಂಡಳಂತೆ. ಮೆತ್ತಗೆ ಕುಟ್ಟಿದ್ರೂ ಕುಟ್ಟಿದ್ದು ಕುಟ್ಟಿದ್ದೇ ಅಲ್ವಾ. ದ್ಯಾವಿ ಮಿಕ್ಕೋರ ಏಟಿಗೆ ಅಳಲಿಲ್ಲವಂತೆ, ಇದಕ್ಕೆ ಅತ್ತಳಂತೆ. ಅತ್ಕೊಂಡು ಅವ್ವನ್ನ ಕರೆಯೋಕೆ ಕೆರೆಗೆ ಓಡಿದಳು.

ಇವರು ಹೋಗಿ ಒಂದು ಕೋಲಲ್ಲಿ ಆವಿಗೆ ಪಕ್ಕಕ್ಕೆ ತಿವಿದ್ರಂತೆ. ಒಂದು ಕಿಂಡಿ ಅಂತ ಹೋಗಿದ್ದು, ಒಣಗಿದ ಕೆಸರು ಹೆಂಟೆ ಹೆಂಟೆಯಾಗಿ ಕಿತ್ತುಬಂದು ಒಂದು ಬಾಗಿಲಷ್ಟು ದೊಡ್ಡದಾಯ್ತು. ಕೆಂಡದಂಥ ಮಡಕೆ ಏನೂ ಕಾಣಲಿಲ್ಲ, ಬರೀ ಬೂದಿ. ಆಮೇಲೆ ಒಳಗಿಂದ ಟಿಣ್ ಟಿಣ್ ಅಂತ ಸದ್ದು. ಮಡಕೆ ಹಾಡ್ತಾವೆ ಕಣ್ರೋ ಅಂತ ಯಾವನೋ ನಕ್ಕನಂತೆ. ಹಾಡ್ತಿರಲಿಲ್ಲ. ಒಂದೊಂದಾಗಿ ಸೀಳ್ತಿದ್ದವು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಅವತ್ತು ದೊಣ್ಣೇನೂ ಬೇಕಾಗಲಿಲ್ಲ.

ಸಣ್ಣತಿಮ್ಮವ್ವ ಕೆಸರುಗಾಲಲ್ಲೇ ಓಡಿ ಬಂದಳು, ಹಿಂದೆ ದ್ಯಾವಿ, ಅವಳ ಹಿಂದೆ ಗೇರಿ ಯಜಮಾನ, ಅದೇ ಚೆಲುವನ ಅಪ್ಪ. ಯಾರ್ರೋ ಬಿಚ್ಚಿದ್ದು ಅಂದ್ರೆ, ಚೆಲುವ, ದ್ಯಾವಿನೇ ಬಿಚ್ಚಿದ್ದು, ಬಿಚ್ಚಿ ನಮ್ಮ ಮೇಲೆ ಹೇಳೋಕೆ ಓಡಿದಳು ಅಂದುಬಿಟ್ಟ. ಹೌದೇನ್ರೋ ಅಂದ್ರೆ ಎಲ್ಲರೂ ಹೂಂ. ಯಜಮಾನ ಮತ್ತೆ ಕೇಳಿದ, ಮತ್ತೆ ಹೂಂ. ಸಣ್ಣತಿಮ್ಮವ್ವ ಯಾರ ಮಾತೂ ನಂಬದೆ ಕುಳ್ಳಿ ಮುಂದೆ ಕುಕ್ಕರುಗಾಲಲ್ಲಿ ಕೂತಳಂತೆ. ಅವರೆಲ್ಲ ಏನಾದ್ರೂ ಹೇಳ್ಲಿ, ನೀನು ಹೇಳವ್ವ, ನೀನು ನನ್ನ ಮಗಳ ಜೊತೆಗಾತಿ, ನೀನು ಹೇಳಿದ್ದು ನಿಜ ಅಂದ್ಕೋತೀನಿ ಅಂದಳಂತೆ.

ಕುಳ್ಳಿ ತಲೆ ಬಗ್ಗಿಸ್ಕೊಂಡು ಹೂಂ ಅಂದಳಂತೆ.

ಸಣ್ಣತಿಮ್ಮವ್ವ ಎದ್ದು ಎಲ್ಲರ ಮುಂದೆ ದ್ಯಾವಿ ಕೆನ್ನೆಗೆ ಹೊಡೆದಳಂತೆ. ಆ ತಾಯಿ ಅಲ್ಲಿವರೆಗೂ ಆ ಕೂಸಿನ ಮೇಲೆ ಒಂದು ಸಲಾನೂ ಕೈ ಮಾಡಿರಲಿಲ್ಲ.

ಏನಂದೆ? ಆ ಕುಳ್ಳಿ ಕೆಟ್ಟವಳು ಅಂತೀಯಾ. ಹೂಂ, ಇದಕ್ಕೆ ಹೂಂ ಅನ್ನಬಹುದು. ಆದ್ರೆ ಪೂರ್ತಿ ಕೇಳು. ನೀನೂ ಇವತ್ತು ಮೇಷ್ಟ್ರ ಮುಂದೆ ಅದನ್ನೇ ತಾನೆ ಅಂದು ಬಂದಿರೋದು. ಅಳಬೇಡ. ಅಜ್ಜಿ ಇಲ್ವಾ, ಬಾ ಹತ್ತಿರ.

ಸಂಜೆ ಹೊತ್ತಿಗೆ ಸಣ್ಣತಿಮ್ಮವ್ವ ಅಂಗಳದಲ್ಲಿ ಕೂತು ಒಂದೊಂದೇ ಮಡಕೆ ತೆಗೆದು ಕುಟ್ಟಿ ನೋಡ್ತಿದ್ದಳಂತೆ. ಬದ್. ಬದ್. ಬದ್. ಆ ಸದ್ದು ಗೇರಿಗೆಲ್ಲ ಕೇಳ್ತಿತ್ತು. ಕುಳ್ಳಿ ತಟ್ಟೆ ಮುಂದೆ ಕೂತಿದ್ದಳು, ಮುದ್ದೆ ಅರ್ಧಕ್ಕೇ ಬಿಟ್ಟಿದ್ದಳು. ಮುಂದಿನ ಮಡಕೆ ಆದ್ರೂ ಕಣ್ ಅನ್ನಲಿ ದೇವರೇ ಅಂತ ಕಾದಳಂತೆ. ಬದ್. ಆಮೇಲೆ ತಡೀಲಾರದೆ ಎದ್ದು ಓಡಿದಳು. ಎಂಜಲು ಕೈಯಲ್ಲೇ ಓಡಿ ಹೋಗಿ ಸಣ್ಣತಿಮ್ಮವ್ವನ ಮುಂದೆ ನಿಂತು, ಊಹೂಂ ಕಣವ್ವ, ದ್ಯಾವಿ ಅಲ್ಲ, ನಾವು ಬಿಚ್ಚಿದ್ದು, ದ್ಯಾವಿ ಬೇಡ ಅಂದಳು, ನಾನು ಅವಳ ತಲೆಗೆ ಕುಟ್ಟಿದೆ ಅಂತ ಎಲ್ಲಾನೂ ಹೇಳಿಬಿಟ್ಟಳಂತೆ.

ಸಣ್ಣತಿಮ್ಮವ್ವ ಬೈಯಲಿಲ್ಲ, ಹೊಡೀಲಿಲ್ಲ. ಕೈಯಲ್ಲಿದ್ದ ಮಡಕೆ ಕೆಳಗಿಟ್ಟು, ಇದನ್ನ ಮಧ್ಯಾಹ್ನವೇ ಹೇಳಿದ್ರೆ ನನ್ನ ಕೈ ಏಳ್ತಿರಲಿಲ್ಲ ಕೂಸೇ ಅಂದಳಂತೆ. ಅಷ್ಟೇ ಅಂದಿದ್ದು. ಹೊಸ್ತಿಲ ಮೇಲೆ ದ್ಯಾವಿ ಕೂತಿದ್ದಳು, ಕೆನ್ನೆ ಮೇಲೆ ಬೆರಳ ಗುರುತು ಇನ್ನೂ ಇತ್ತು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು ಅಂತ ಗಾದೆ ಇದೆಯಲ್ಲ, ಅದು ಯಾರೋ ಕುಳ್ಳೀನ ನೋಡೇ ಕಟ್ಟಿರಬೇಕು.

ಆಮೇಲೆ ಗೇರಿಯೋರೆಲ್ಲ ಸೇರಿದ್ರಂತೆ. ಯಜಮಾನ ತಲೆ ತಗ್ಗಿಸ್ಕೊಂಡು, ನನ್ನ ಮಗ ಮಾಡಿದ್ದು, ಮೊದಲು ನನ್ನ ಮನೆಯಿಂದ ಕೊಡ್ತೀನಿ ಅಂತ ತನ್ನ ಗಟ್ಟಿ ಮಡಕೆ ಹೊತ್ತು ತಂದು ಸಣ್ಣತಿಮ್ಮವ್ವನ ಅಂಗಳದಲ್ಲಿ ಇಟ್ಟ. ಅವನ ಹಿಂದೆ ಎಲ್ಲ ಮನೆಯೋರೂ ತಂದಿಟ್ಟರು. ಅವ್ವ ಮಗಳು ಆ ವರ್ಷ ಉಪವಾಸ ಬೀಳಲಿಲ್ಲ, ಅದು ಒಳ್ಳೇದಾಯ್ತು. ಇನ್ನು ಈ ಮಕ್ಕಳಿಗೆ ಏನು ಶಿಕ್ಷೆ ಅಂತ ಬಂದಾಗ, ಹುಣಿಸೆ ಬರಲು ಮುರಿಯೋಕೆ ಹೊರಟೋರನ್ನ ಸಣ್ಣತಿಮ್ಮವ್ವ ತಡೆದಳಂತೆ. ಹೊಡೆದ್ರೆ ಬೆನ್ನು ಕಲಿಯುತ್ತೆ, ಕಿವಿ ಕಲಿಯಲ್ಲ, ಮೂರು ಸಂಜೆ ನನ್ನ ಹತ್ತಿರ ಬಿಡಿ, ಆಟದಲ್ಲಿ ಕೆಟ್ಟಿದ್ದು ಆಟದಲ್ಲೇ ಸರಿಹೋಗ್ಲಿ ಅಂದಳಂತೆ.

ಮೊದಲನೇ ಸಂಜೆ ಒಡಕು ಮಡಕೇನೂ ಗಟ್ಟಿ ಮಡಕೇನೂ ಬೆರೆಸಿಟ್ಟು ಎಲ್ಲರನ್ನೂ ಸಾಲಾಗಿ ಕೂರಿಸಿದಳು. ಚೆಲುವನ್ನ ಕೆರೆ ಏರಿಗೆ ಕಳಿಸಿ, ಅವನು ಬಂದ ಮೇಲೆ ನಾನು ಯಾವ ಮಡಕೆ ಕುಟ್ಟಿದ್ರೂ ನೀವೆಲ್ಲ ಗಟ್ಟಿ ಅನ್ನಿ ಅಂತ ಮಿಕ್ಕೋರಿಗೆ ಹೇಳಿಕೊಟ್ಟಳಂತೆ. ಚೆಲುವ ಬಂದು ಸಾಲಿನ ಕೊನೇಲಿ ಕೂತ. ಅವಳು ಒಂದು ಒಡಕು ಮಡಕೆ ಕುಟ್ಟಿದಳು, ಬದ್. ಗಟ್ಟಿ ಅಂದ ಒಬ್ಬ, ಗಟ್ಟಿ ಅಂದಳು ಒಬ್ಬಳು, ಗಟ್ಟಿ, ಗಟ್ಟಿ. ಚೆಲುವ ಮಡಕೆ ನೋಡಿದ, ಇವರ ಮುಖ ನೋಡಿದ. ಆಮೇಲೆ ಗಟ್ಟಿ ಅಂದುಬಿಟ್ಟ, ಕುಂಬಾರನ ಮಗ. ನಿನ್ನ ಕಿವಿಗೆ ಏನು ಕೇಳ್ತಪ್ಪಾ ಅಂದಳಂತೆ ಸಣ್ಣತಿಮ್ಮವ್ವ. ಬದ್ ಅಂತ. ಬಾಯಲ್ಲಿ ಏನು ಬಂತು. ಗಟ್ಟಿ ಅಂತ. ಕಿವಿಗೂ ಬಾಯಿಗೂ ನಡುವೆ ಏನಾಯ್ತು ಮಗಾ. ಎಲ್ಲರೂ ಹಂಗೇ ಅಂದ್ರಲ್ಲ ಅಂದು ಅತ್ತುಬಿಟ್ಟನಂತೆ ದೊರೆ. ಬಾನಿ ಮೇಲೆ ಕೂರ್ತಿದ್ದೋನೂ ಕೆಳಗೆ ಕೂತಾಗ ಎಲ್ಲರ ಹಾಗೇ ಅಂತ ಅವತ್ತು ಗೊತ್ತಾಯ್ತು.

ಎರಡನೇ ಸಂಜೆ ಬೇರೆ ಬೇರೆಯೋರನ್ನ ಏರಿಗೆ ಕಳಿಸಿ ಅದೇ ಆಟ ಆಡಿಸಿದಳು. ಆಟದ ಗುಟ್ಟು ಗೊತ್ತಿದ್ರೂ ಒಬ್ಬರೂ ಒಡಕು ಅನ್ನಲಿಲ್ಲ. ಅವಳು ನಗಲೂ ಇಲ್ಲ, ಗದರಲೂ ಇಲ್ಲ. ಹೊಟ್ಟೇಲಿ ಕಲ್ಲು ಕೂತ ಹಾಗಾಗುತ್ತಲ್ಲ, ಅದೇ ಗುರುತು, ನಿಮಗೆ ಬೇಡದ್ದಕ್ಕೆ ಹೂಂ ಅನ್ನೋಕೆ ಹೊರಟಿದೀರಿ ಅಂತ ಲೆಕ್ಕ, ಆಗ ಬಾಯಿ ತೆಗೀಬೇಡಿ, ಒಂದು ಉಸಿರು ತಗೊಳ್ಳಿ, ಕಿವಿಗೆ ಕೇಳಿದ್ದನ್ನ ಇನ್ನೊಂದು ಸಲ ಮನಸ್ಸಲ್ಲಿ ಕೇಳಿಸ್ಕೊಳ್ಳಿ, ಆಮೇಲೆ ಹೇಳಿ ಅಂದಳಂತೆ. ಪಕ್ಕದೋರು ನಿಜ ಹೇಳಿದ್ರೆ ಅವರನ್ನ ಒಂಟಿ ಮಾಡಬೇಡಿ, ಒಬ್ಬರೇ ಊಹೂಂ ಅಂದ್ರೆ ಅವರ ತಲೆಗೆ ಕುಟ್ಟೋಕೆ ಎಲ್ಲರಿಗೂ ಧೈರ್ಯ ಇರುತ್ತೆ, ಇಬ್ಬರು ಅಂದ್ರೆ ಕುಟ್ಟೋ ಕೈ ಹಿಂದೆ ಸರಿಯುತ್ತೆ ಅಂದಳು. ಅಂದು ಕುಳ್ಳಿ ಕಡೆ ನೋಡಲಿಲ್ಲ. ನೋಡದೇ ಇದ್ದಿದ್ದೇ ಅವಳಿಗೆ ಚುಚ್ಚಿತಂತೆ.

ಮೂರನೇ ಸಂಜೆ ಕುಳ್ಳಿ ಸರದಿ. ಬದ್ ಅಂತು ಮಡಕೆ. ಗಟ್ಟಿ, ಗಟ್ಟಿ, ಗಟ್ಟಿ ಅಂತ ಸಾಲು ಬಂತು. ಅವಳ ಬಾಯಿಗೂ ಮೊದಲು ಗಟ್ಟಿ ಅನ್ನೋದೇ ಬಂತಂತೆ. ಉಸಿರು ತಗೊಂಡು, ಊಹೂಂ, ಒಡಕು ಅಂದಳು. ಆಮೇಲೆ ಚೆಲುವ ಎದ್ದು ನಿಂತು, ಹೇಳಿಕೊಟ್ಟ ಮಾತು ಬಿಟ್ಟು, ಹೌದು, ಒಡಕೇ ಅಂದನಂತೆ. ಅವತ್ತಿನಿಂದ ಆ ಗೇರೀಲಿ ಹೂಂ ದೊರೆಯ ಆಟ ನಿಂತುಹೋಯ್ತು, ಒಡಕು ಮಡಕೆ ಆಟ ಶುರುವಾಯ್ತು. ನಿಜ ಹೇಳಿದೋರಿಗೆ ಬಾನಿ ಮೇಲೆ ಜಾಗ.

ದ್ಯಾವಿ ಮಾತ್ರ ಆಡಲಿಲ್ಲ ಕಣೋ. ಹೊಸ್ತಿಲ ಮೇಲೇ ಕೂತಿದ್ದಳು. ಕುಳ್ಳಿ ಹೋಗಿ ತಪ್ಪಾಯ್ತು ಕಣೇ ಅಂದ್ರೆ, ಆಯ್ತು ಬಿಡು ಅಂದಳಂತೆ. ಸಿಟ್ಟು ಮಾಡಲಿಲ್ಲ. ಕೇಳಿದ್ದಕ್ಕೆ ಮಾತಾಡೋಳು, ನೀರಿಗೆ ಕರೆದ್ರೆ ಬರೋಳು. ಆದ್ರೆ ಮೊದಲಿನ ಹಾಗೆ ಕೈ ಹಿಡ್ಕೊಂಡು ನಡೀಲಿಲ್ಲ. ವರ್ಷ ಹೋಯ್ತು, ಇನ್ನೊಂದು ವರ್ಷ ಹೋಯ್ತು, ಆ ಕೈ ಮತ್ತೆ ಬರಲೇ ಇಲ್ಲ. ದೊಡ್ಡವಳಾದ ಮೇಲೆ ದ್ಯಾವಿಗೆ ಹೊಳೆಯಾಚೆ ಒಳ್ಳೇ ಮನೆಗೆ ಮದುವೆ ಆಯ್ತು, ಅವ್ವನ್ನೂ ಜೊತೆಗೆ ಕರ್ಕೊಂಡು ಹೋದಳು, ಮಕ್ಕಳುಮರಿ ಆಗಿ ಸುಖವಾಗಿದ್ದಳಂತೆ. ಗಾಡಿ ಹತ್ತೋ ಮುಂಚೆ ಕುಳ್ಳಿ ಮನೆಗೆ ಬಂದು, ಆ ಆವಿಗೇದು ಒಂದು ಪುಟ್ಟ ಮಡಕೆ ಕೈಗೆ ಕೊಟ್ಟು, ಇಟ್ಕೊ ಅಂದಳಂತೆ. ಸಿಟ್ಟಿಗೆ ಕೊಟ್ಟಳೋ, ಸ್ನೇಹಕ್ಕೆ ಕೊಟ್ಟಳೋ, ಕೇಳೋಕೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಗಾಡಿ ಹೊರಟಿತ್ತು.

ಏನು, ಆ ಮಡಕೆ ಎಲ್ಲಿ ಅಂತೀಯಾ. ನಿನ್ನ ತಲೆ ಹತ್ತಿರಾನೇ ಇದೆಯಲ್ಲೋ, ನೀನು ದಿನಾ ಹುಣಿಸೆ ಬೀಜ ಬಾಚ್ಕೊಳ್ಳೋದು ಯಾವುದರಿಂದ. ಹೂಂ. ಕುಳ್ಳಿ ಅಂದ್ರೆ ನಾನೇ ಕಣೋ. ಈ ಕೈಯಲ್ಲೇ ಕುಟ್ಟಿದ್ದು. ಅರವತ್ತು ವರ್ಷ ಆಯ್ತು, ಯಾವುದಾದ್ರೂ ಮಡಕೆ ಕುಟ್ಟಿದಾಗೆಲ್ಲ ಅವಳ ತಲೆ ಕೈಗೆ ತಗಲಿದ ಹಾಗಾಗುತ್ತೆ. ಹೋಗಿ ನೋಡೋಣ ಅಂದ್ಕೊಂಡೇ ಕಾಲ ಕಳೆದೆ, ಆಮೇಲೆ ಅವಳು ತೀರ್ಕೊಂಡ ಸುದ್ದಿ ಬಂತು. ಹೊಳೆ ದಾಟೋದೇನು ದೊಡ್ಡ ಕೆಲಸ ಆಗಿರಲಿಲ್ಲ.

ಬೀಜ ಸುರಿದು ಕೊಡು ಇಲ್ಲಿ. ನೋಡು, ಎಷ್ಟು ಚೆನ್ನಾಗಿದೆ, ಒಂದು ಗೆರೆ ಕಾಣಲ್ಲ. ನಿಮ್ಮಪ್ಪನೂ ಚೆನ್ನಾಗಿದೆ ಅಂತಾನೆ, ನಿಮ್ಮವ್ವನೂ ಚೆನ್ನಾಗಿದೆ ಅಂತಾಳೆ. ನಾನೂ ಹೇಳ್ತೀನಿ, ಇದು ಗಟ್ಟಿ ಮಡಕೆ. ಕುಟ್ಟಿ ನೋಡು. ಗಟ್ಟಿ ಅಲ್ವಾ ಯತಿ, ಅಜ್ಜಿ ಹೇಳಿದ್ದು ಸರಿ ತಾನೆ?

ಏನಂದೆ, ಇನ್ನೊಂದು ಸಲ ಅನ್ನು. ಊಹೂಂ, ಒಡಕು ಅಂದ್ಯಾ.

ಹಾಂ. ಒಡಕೇ. ಇದೇ ಊಹೂಂ ನಾಳೆ ಸ್ಕೂಲಲ್ಲಿ ಹೇಳು ಮಗಾ, ಮೇಷ್ಟ್ರಿಗೂ ಹೇಳು, ಆ ಹುಡುಗನಿಗೂ ಹೇಳು. ನಿನ್ನ ಬುತ್ತಿ ಇಬ್ಬರಿಗಾಗೋ ಅಷ್ಟು ಕಟ್ಟಿಕೊಡ್ತೀನಿ. ಮೊದಲು ಒಬ್ಬನೇ ಆಗ್ತೀಯ, ಇರಲಿ, ಕಾಲು ಊರಿ ನಿಲ್ಲು, ಇನ್ನೊಬ್ಬ ಎದ್ದರೂ ಎದ್ದಾನು. ಏಳದಿದ್ರೂ ಹೇಳು. ಮಧ್ಯಾಹ್ನದೊಳಗೆ ಹೇಳಿಬಿಡು, ಸಂಜೆವರೆಗೆ ಕಾಯಬೇಡ.

ಬೀಜ ಮಡಕೆ ಸೇರ್ತು, ಮಡಕೆ ಮೂಲೆ ಸೇರ್ತು, ಅಜ್ಜಿ ಕತೆ ಅಲ್ಲಿಗೆ ಮುಗೀತು. ಮಲಗು.